ಏಕಾಂಕ ನಾಟಕದ ರಸಾಸ್ವಾದ

ನಾಟಕವನ್ನು ಪಾಠ ಹೇಳುವ ಅಧ್ಯಾಪಕನಿಗೆ ಒಂದು ತೊಡಕು ಸದಾ ಎದುರಾಗುತ್ತದೆ. ಕವಿತೆ ಪುಟದ ಮೇಲೆಯೇ ಪೂರ್ಣವಾಗಿರುತ್ತದೆ, ಕಥೆಯೂ ಹಾಗೆಯೇ. ನಾಟಕವಾದರೋ ಪುಸ್ತಕದಲ್ಲಿ ಅರ್ಧ, ರಂಗದ ಮೇಲೆ ಅರ್ಧ. ನಮ್ಮ ತರಗತಿಗಳಲ್ಲಿ ಪುಸ್ತಕದ ಅರ್ಧವನ್ನು ಮಾತ್ರ ಹಿಡಿದು, ಕಥಾಸಾರಾಂಶವನ್ನು ಬರೆಯಿರಿ, ನಾಯಕನ ಗುಣಗಳನ್ನು ವಿವರಿಸಿರಿ ಎಂದು ಕೇಳುವ ರೂಢಿ ಬೇರೂರಿದೆ. ಐದಾರು ಅಂಕಗಳ ನಾಟಕವು ಈ ಪೆಟ್ಟನ್ನು ಹೇಗೋ ತಾಳಿಕೊಂಡೀತು. ಅದರಲ್ಲಿ ಕಥೆಯ ಹರಹು ಇರುತ್ತದೆ. ಏಕಾಂಕವು ತಾಳಲಾರದು. ಅದರ ಕಥೆಯನ್ನು ಹಿಂಡಿದರೆ ನಾಲ್ಕು ವಾಕ್ಯಗಳು ದೊರೆಯುತ್ತವೆ; ಮಿಕ್ಕುದೆಲ್ಲ, ಎಂದರೆ ನಾಟಕವೇ, ಸೋರಿಹೋಗುತ್ತದೆ.

ಇದರ ಜೊತೆಗೆ ಇಂದಿನ ಕಿರುನಾಟಕಗಳ ವಿಷಯದಲ್ಲಿ ಹಿರಿಯರಿಂದ ಎರಡು ಆಕ್ಷೇಪಗಳು ಕೇಳಿಬರುತ್ತವೆ. ಅವುಗಳ ಭಾಷೆ ಶುದ್ಧವಲ್ಲವೆಂಬುದು ಒಂದು. ಅವುಗಳಲ್ಲಿ ನೀತಿಯಿಲ್ಲವೆಂಬುದು ಇನ್ನೊಂದು. ಇವು ಅಲಕ್ಷ್ಯಮಾಡತಕ್ಕ ಆಕ್ಷೇಪಗಳಲ್ಲ. ವಾರ್ಷಿಕೋತ್ಸವಕ್ಕೆ ಯಾವ ನಾಟಕವನ್ನು ಆರಿಸಬೇಕು, ಗ್ರಂಥಭಂಡಾರಕ್ಕೆ ಯಾವ ಪುಸ್ತಕಗಳನ್ನು ತರಿಸಬೇಕು ಎಂಬ ನಿರ್ಣಯಗಳು ಇವುಗಳನ್ನೇ ಅವಲಂಬಿಸಿವೆ. ಆ ನಿರ್ಣಯ ತಪ್ಪಿದರೆ ನಮ್ಮ ಮಕ್ಕಳು ಹತ್ತು ವರ್ಷ ಓದಿಯೂ ತಮ್ಮ ಕಾಲದ ನಾಟಕವನ್ನು ಕಾಣದೆಯೇ ಶಾಲೆಯನ್ನು ಬಿಟ್ಟುಹೋಗುತ್ತಾರೆ. ಆದಕಾರಣ ಈ ಎರಡು ಆಕ್ಷೇಪಗಳನ್ನು ಎದುರಿಗಿಟ್ಟುಕೊಂಡೇ ಏಕಾಂಕದ ಆಸ್ವಾದನೆಯ ಬಗೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಹಳೆಯ ಬೇರು

ಏಕಾಂಕವು ಪಶ್ಚಿಮದಿಂದ ಬಂದ ಪ್ರಕಾರವೆಂದು ಹೇಳುವುದು ವಾಡಿಕೆ. ಇಂದಿನ ರೂಪಕ್ಕೆ ಪಾಶ್ಚಾತ್ಯ ಪ್ರಭಾವವಿರುವುದು ನಿಜ. ಆದರೆ ಒಂದೇ ಅಂಕದಲ್ಲಿ ಮುಗಿಯುವ ನಾಟಕ ನಮಗೆ ಹೊಸತಲ್ಲ. ಭರತಮುನಿ ಹೇಳಿದ ದಶರೂಪಕಗಳಲ್ಲಿ ವ್ಯಾಯೋಗ, ಭಾಣ, ವೀಥಿ, ಅಂಕ ಎಂಬಿವು ಏಕಾಂಕಗಳೇ. ಪ್ರಹಸನವೂ ಬಹುಮಟ್ಟಿಗೆ ಹಾಗೆಯೇ. ಏಳನೆಯ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮನ 'ಮತ್ತವಿಲಾಸ'ವು ಇಂದಿಗೂ ನಗಿಸಬಲ್ಲ ಪ್ರಹಸನ. ೧೯೧೨ರಿಂದ ತಿರುವನಂತಪುರದಲ್ಲಿ ಟಿ. ಗಣಪತಿ ಶಾಸ್ತ್ರಿಗಳು ಪ್ರಕಟಿಸಿದ, ಭಾಸನವೆಂದು ಹೇಳಲಾಗುವ ಹದಿಮೂರು ನಾಟಕಗಳಲ್ಲಿ 'ಮಧ್ಯಮವ್ಯಾಯೋಗ', 'ದೂತವಾಕ್ಯ', 'ದೂತಘಟೋತ್ಕಚ', 'ಕರ್ಣಭಾರ', 'ಊರುಭಂಗ' ಇವೈದೂ ಒಂದೊಂದೇ ಅಂಕದವು.

ಇವುಗಳಲ್ಲಿ 'ಕರ್ಣಭಾರ'ವನ್ನು ಏಕಾಂಕದ ಪಾಠಕ್ಕೆ ಮಾದರಿಯಾಗಿ ಇಟ್ಟುಕೊಳ್ಳಬಹುದು. ಶಲ್ಯನು ಸಾರಥಿ, ಕರ್ಣನು ಯುದ್ಧಕ್ಕೆ ಹೊರಟಿದ್ದಾನೆ. ಅರ್ಜುನನಿರುವೆಡೆಗೆ ರಥವನ್ನು ನಡೆಸೆಂದು ಆಜ್ಞಾಪಿಸುತ್ತಾನೆ. ರಥ ಮುಂದೆ ಸಾಗುವ ಮೊದಲೇ ಪರಶುರಾಮನ ಶಾಪದ ನೆನಪು ಬರುತ್ತದೆ. ಬಳಿಕ ಬ್ರಾಹ್ಮಣವೇಷದ ಇಂದ್ರನು ಬರುತ್ತಾನೆ. ಕರ್ಣನು ನಮಸ್ಕರಿಸಿದಾಗ ಇಂದ್ರನಿಗೆ ಒಂದು ಸಂದಿಗ್ಧ ಒದಗುತ್ತದೆ. ದೀರ್ಘಾಯುವಾಗೆಂದು ಹರಸಿದರೆ ಕರ್ಣನು ನಿಜವಾಗಿಯೂ ಬಹುಕಾಲ ಬಾಳುತ್ತಾನೆ. ಏನನ್ನೂ ಹೇಳದಿದ್ದರೆ ಮೂಢನೆನಿಸಿಕೊಳ್ಳಬೇಕಾಗುತ್ತದೆ. ಕಡೆಗೆ ಸೂರ್ಯ, ಚಂದ್ರ, ಹಿಮಾಲಯ, ಸಾಗರಗಳಂತೆ ನಿನ್ನ ಕೀರ್ತಿ ನಿಲ್ಲಲೆಂದು ಹರಸುತ್ತಾನೆ. ಕೇಳಿಸಿದ ಹರಕೆ ಅದು. ಕೇಳಿಸದೆ ಉಳಿದ ಹರಕೆಯಲ್ಲಿ ಕರ್ಣನ ಮರಣ ಆಗಲೇ ನಡೆದುಹೋಗಿದೆ. ಕವಚಕುಂಡಲಗಳನ್ನು ಕಿತ್ತುಕೊಟ್ಟ ಮೇಲೆ ಕರ್ಣನು ಮತ್ತೆ ಅದೇ ಆಜ್ಞೆಯನ್ನು ನುಡಿಯುತ್ತಾನೆ: ಅರ್ಜುನನಿರುವೆಡೆಗೆ ರಥ ನಡೆಯಲಿ. ನಾಟಕ ಅಲ್ಲಿಗೆ ಮುಗಿಯುತ್ತದೆ. ಯುದ್ಧವನ್ನು ಕವಿ ತೋರಿಸುವುದೇ ಇಲ್ಲ.

ಒಂದೇ ಮಾತು ಮೊದಲಿಗೂ ಕೊನೆಗೂ ಬಂದಿದೆ. ಆದರೆ ಅದೇ ಮಾತಲ್ಲ. ಮೊದಲ ಸಲ ನುಡಿದವನು ಕವಚವುಳ್ಳ ವೀರ. ಎರಡನೆಯ ಸಲ ನುಡಿದವನು ಎಲ್ಲವನ್ನೂ ಕೊಟ್ಟು ಬರಿಮೈಯಾದ ದಾನಿ. ಏಕಾಂಕದ ಮರ್ಮ ಇಲ್ಲಿದೆ. ಅದು ಜೀವನವನ್ನು ಆದಿಯಿಂದ ಅಂತ್ಯದವರೆಗೆ ಹೇಳುವುದಿಲ್ಲ. ಬಾಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುವ ಗಳಿಗೆಯನ್ನು ಮಾತ್ರ ಹಿಡಿಯುತ್ತದೆ. ಆ ಗಳಿಗೆಯನ್ನು ಗುರುತಿಸುವುದೇ ಆಸ್ವಾದನೆಯ ಮೊದಲ ಮೆಟ್ಟಿಲು.

ಕನ್ನಡದ ಏಕಾಂಕ

ಕನ್ನಡದಲ್ಲಿ ಈ ಪ್ರಕಾರಕ್ಕೆ ಜೀವಕಳೆಯನ್ನು ತಂದವರು ಟಿ. ಪಿ. ಕೈಲಾಸಂ. ಪೌರಾಣಿಕ ನಾಟಕಗಳು ರಾತ್ರಿಯಿಡೀ ನಡೆಯುತ್ತಿದ್ದ ಕಾಲದಲ್ಲಿ ಅವರು ಮಧ್ಯಮವರ್ಗದ ಮನೆಯ ನಡುಕೋಣೆಯನ್ನು ರಂಗಕ್ಕೆ ತಂದರು. 'ಟೊಳ್ಳುಗಟ್ಟಿ'ಯಲ್ಲಿ ಪರೀಕ್ಷೆಯಲ್ಲಿ ಗೆಲ್ಲುವ ಮಗನು ಟೊಳ್ಳಾಗಿ, ಪರೀಕ್ಷೆಯಲ್ಲಿ ಸೋಲುವ ಮಗನು ಗಟ್ಟಿಯಾಗಿ ಕಾಣುವುದನ್ನು ಶಾಲೆಯವರಾದ ನಾವು ಮರೆಯಲಾಗದು. ಧಾರವಾಡದ ಶ್ರೀರಂಗರು (೧೯೦೪–೧೯೮೪) ಅರವತ್ತಕ್ಕೂ ಮಿಕ್ಕಿ ಏಕಾಂಕಗಳನ್ನು ಬರೆದು ಈ ಪ್ರಕಾರವನ್ನು ವೈಚಾರಿಕತೆಯ ವೇದಿಕೆಯಾಗಿಸಿದರು. ಬೇಂದ್ರೆಯವರ 'ಹುಚ್ಚಾಟಗಳು' ಹೆಸರಿನಲ್ಲಿಯೇ ತಮ್ಮ ಸ್ವಭಾವವನ್ನು ಸಾರುತ್ತವೆ. ಕುವೆಂಪು ಅವರ 'ಜಲಗಾರ'ದಲ್ಲಿ ಎಲ್ಲರೂ ಶಿವನನ್ನು ಕಾಣಲು ಗುಡಿಯ ಕಡೆಗೆ ಹೋಗುತ್ತಿರುವಾಗ, ಬೀದಿ ಗುಡಿಸುವವನ ಬಳಿಗೆ ಶಿವನು ತಾನೇ ಜಲಗಾರನಾಗಿ ಬರುತ್ತಾನೆ.

೧೯೬೦ರ ದಶಕದ ನಡುವಿನಿಂದ ನವ್ಯರ ಕಿರುನಾಟಕಗಳು ಬಂದವು. ಪಿ. ಲಂಕೇಶ್, ಎನ್. ರತ್ನ, ಚಂದ್ರಕಾಂತ ಕುಸನೂರ, ಚಂದ್ರಶೇಖರ ಪಾಟೀಲ, ಚಂದ್ರಶೇಖರ ಕಂಬಾರ ಮೊದಲಾದವರು ಈ ಕಾಲದ ಪ್ರಮುಖರು. ರತ್ನರ 'ಎಲ್ಲಿಗೆ', ಕುಸನೂರರ 'ಆನಿ ಬಂತಾನಿ', ಪಾಟೀಲರ 'ಕೊಡೆಗಳು' ಮೊದಲಾದವನ್ನು ಅಸಂಗತ ನಾಟಕಗಳೆಂದು ವಿಮರ್ಶಕರು ಕರೆದರು. ಹೊಸತೆಲ್ಲವೂ ಹಿರಿದೆಂದು ಒಪ್ಪಬೇಕಾಗಿಲ್ಲ. ಆ ಕಾಲದ ರೂಢಿಗೆ ಬಿದ್ದು ಹುಟ್ಟಿದ ಎಷ್ಟೋ ಅಸಂಗತ ನಾಟಕಗಳು ಇಂದು ಬಾಡಿದ ಹೂಗಳಂತೆ ಕಾಣುತ್ತವೆ. ಆದರೆ ಮಾತನಾಡುತ್ತಲೇ ಇದ್ದರೂ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪದ ನಮ್ಮ ಕಾಲದ ಕಷ್ಟವನ್ನು ಅವು ರಂಗದ ಮೇಲೆ ಕಾಣುವಂತೆ ಮಾಡಿದವೆಂಬುದನ್ನು ಮರೆಯಲಾಗದು.

ಭಾಷೆಯ ಮಾತು

ಈಗ ಮೊದಲನೆಯ ಆಕ್ಷೇಪವನ್ನು ನೋಡೋಣ. ಸಂಸ್ಕೃತ ನಾಟಕಗಳಲ್ಲಿ ರಾಜನೂ ಮಂತ್ರಿಯೂ ಸಂಸ್ಕೃತವನ್ನಾಡಿದರೆ, ವಿದೂಷಕ, ಸ್ತ್ರೀಪಾತ್ರಗಳು, ಸೇವಕರು ಪ್ರಾಕೃತವನ್ನಾಡುತ್ತಾರೆ. ಪ್ರಾಕೃತದಲ್ಲಿಯೂ ಶೌರಸೇನಿ, ಮಾಗಧಿ ಎಂಬ ಭೇದಗಳುಂಟು. ಶಕುಂತಲೆ ಪ್ರಾಕೃತವನ್ನಾಡಿದಳೆಂದು ಕಾಳಿದಾಸನ ಭಾಷೆ ಅಶುದ್ಧವೆಂದು ಯಾವ ಪಂಡಿತನೂ ಹೇಳಲಿಲ್ಲ. ಪಾತ್ರಕ್ಕೆ ತಕ್ಕ ಮಾತೇ ನಾಟಕದಲ್ಲಿ ಶುದ್ಧವಾದ ಮಾತು. ಹೀಗಿರುವಾಗ ಕೈಲಾಸಂ ಅವರ ಪಾತ್ರಗಳು ಇಂಗ್ಲಿಷ್ ಬೆರೆತ ಬೆಂಗಳೂರು ಮಾತನ್ನಾಡಿದರೆ, ಕಂಬಾರರ ಪಾತ್ರಗಳು ಬೆಳಗಾವಿ ಸೀಮೆಯ ಮಾತನ್ನಾಡಿದರೆ, ಅವರು ಶಾಸ್ತ್ರವನ್ನು ಮೀರಿದವರಲ್ಲ, ಪಾಲಿಸಿದವರು. ವ್ಯಾಕರಣವನ್ನು ಕಲಿಸುವುದಕ್ಕೆ ವ್ಯಾಕರಣದ ಪಾಠವಿದೆ. ಯಾರು, ಯಾರೊಡನೆ, ಯಾವ ಸ್ಥಿತಿಯಲ್ಲಿ ಹೇಗೆ ಮಾತನಾಡುತ್ತಾರೆಂಬುದನ್ನು ಕಲಿಸುವುದಕ್ಕೆ ನಾಟಕಕ್ಕಿಂತ ಉತ್ತಮವಾದ ಪಾಠವಿಲ್ಲ.

ನೀತಿಯ ಮಾತು

ಎರಡನೆಯ ಆಕ್ಷೇಪಕ್ಕೆ ಉತ್ತರವಾಗಿ ಗಿರೀಶ ಕಾರ್ನಾಡರ (೧೯೩೮–೨೦೧೯) ಎರಡು ಕಿರುನಾಟಕಗಳನ್ನು ಪರಿಶೀಲಿಸಬಹುದು. ಎರಡರಲ್ಲಿಯೂ ರಂಗದ ಮೇಲೆ ಬರುವ ನಟರು ಒಬ್ಬೊಬ್ಬರೇ.

'ಒಡಕಲು ಬಿಂಬ'ವು ೨೦೦೫ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಪ್ರಯೋಗಗೊಂಡಿತು. ಕನ್ನಡದಲ್ಲಿ ಅರುಂಧತಿ ನಾಗ್ ಅಭಿನಯಿಸಿದರು. ಮಂಜುಳಾ ನಾಯಕ್ ಕನ್ನಡದ ಕಥೆಗಾರ್ತಿ. ಇಂಗ್ಲಿಷಿನಲ್ಲಿ ಒಂದು ಕಾದಂಬರಿಯನ್ನು ಪ್ರಕಟಿಸಿ ಹೆಸರು ಗಳಿಸಿದ್ದಾಳೆ. ದೂರದರ್ಶನದ ಸ್ಟುಡಿಯೋದಲ್ಲಿ ಕುಳಿತು, ಕನ್ನಡವನ್ನು ಬಿಟ್ಟು ಇಂಗ್ಲಿಷಿನಲ್ಲಿ ಏಕೆ ಬರೆದೆನೆಂಬುದನ್ನು ಸಮರ್ಥಿಸಿಕೊಂಡು, ಗಾಲಿಕುರ್ಚಿಯಲ್ಲಿ ಬಾಳು ಕಳೆದು ತೀರಿಹೋದ ತನ್ನ ತಂಗಿ ಮಾಲಿನಿಯನ್ನು ನೆನೆದು ಮಾತು ಮುಗಿಸುತ್ತಾಳೆ. ಎದ್ದು ಹೊರಡಬೇಕೆನ್ನುವಾಗ ಪರದೆಯ ಮೇಲಿನ ಅವಳ ಬಿಂಬವು ಅಳಿಯದೆ ಉಳಿದು, ಅವಳನ್ನೇ ಪ್ರಶ್ನಿಸತೊಡಗುತ್ತದೆ. ಒಂದೊಂದೇ ಪದರ ಕಳಚುತ್ತದೆ. ಆ ಕಾದಂಬರಿಯನ್ನು ಬರೆದವಳು ಮಾಲಿನಿ.

ಇದನ್ನು ನಮ್ಮ ಭಾಣದೊಡನೆ ಹೋಲಿಸಿ ನೋಡಬೇಕು. ಭಾಣದಲ್ಲಿ ನಟನೊಬ್ಬನೇ ನಿಂತು, ಕಾಣದವರ ಮಾತನ್ನು ಆಕಾಶದಿಂದ ಕೇಳಿದಂತೆ ನಟಿಸಿ ಉತ್ತರ ಕೊಡುತ್ತಾನೆ. ಲಾಕ್ಷಣಿಕರು ಇದನ್ನು ಆಕಾಶಭಾಷಿತವೆಂದರು. ಕಾರ್ನಾಡರಲ್ಲಿ ಆಕಾಶದ ಆ ದನಿಗೆ ಮುಖ ಬಂದಿದೆ, ಮತ್ತು ಆ ಮುಖ ನಟಿಯದೇ. ಬಿಂಬದ ಮಾತುಗಳು ಮೊದಲೇ ಚಿತ್ರಿತವಾದವು, ಅವು ಕಾಯುವುದಿಲ್ಲ. ರಂಗದ ಮೇಲಿನ ನಟಿ ಕ್ಷಣವೂ ತಪ್ಪದೆ ಉತ್ತರಿಸಬೇಕು. ಈ ರಂಗತಂತ್ರದಲ್ಲಿಯೇ ನಾಟಕದ ಅರ್ಥವಡಗಿದೆ: ಲೋಕದ ಪ್ರಶ್ನೆಯನ್ನು ಮುಂದೂಡಬಹುದು, ಒಳಗಿನ ಪ್ರಶ್ನೆಯನ್ನು ಮುಂದೂಡಲಾಗದು. ಕದಿಯಬಾರದೆಂಬ ನೀತಿವಾಕ್ಯವನ್ನು ನಾಟಕ ಒಮ್ಮೆಯೂ ಉಚ್ಚರಿಸುವುದಿಲ್ಲ. ಆದರೆ ತನ್ನದಲ್ಲದ ಕೀರ್ತಿಯನ್ನು ಹೊತ್ತವರ ಒಳಮನೆಯನ್ನು ಕಂಡ ಪ್ರೇಕ್ಷಕನಿಗೆ ಆ ವಾಕ್ಯದ ಅಗತ್ಯವೂ ಉಳಿಯುವುದಿಲ್ಲ.

ಚಿತ್ರದುರ್ಗ ಸೀಮೆಯ ಐತಿಹ್ಯವೊಂದನ್ನು ಆಧರಿಸಿದ 'ಫ್ಲವರ್ಸ್' ಎಂಬ ಏಕವ್ಯಕ್ತಿ ನಾಟಕ ಇನ್ನೂ ತೀಕ್ಷ್ಣವಾದುದು. ಶಿವಲಿಂಗವನ್ನು ಹೂಗಳಿಂದ ಅಲಂಕರಿಸುವ ಅರ್ಚಕನೊಬ್ಬ ಗಣಿಕೆಯಲ್ಲಿ ಅನುರಕ್ತನಾಗಿ, ಪೂಜೆಯ ಹೂಗಳಿಂದ ಅವಳನ್ನೂ ಸಿಂಗರಿಸುತ್ತಾನೆ. ಪಾಳೆಯಗಾರನಿಗೆ ಕೊಟ್ಟ ಪ್ರಸಾದದ ಹೂವಿನಲ್ಲಿ ಒಂದು ನೀಳ ಕೂದಲು ಸಿಕ್ಕುತ್ತದೆ. ಭೀತನಾದ ಅರ್ಚಕನು ಅದು ದೇವರ ಕೂದಲೆಂದು ಸುಳ್ಳು ನುಡಿಯುತ್ತಾನೆ. ಅದನ್ನು ತೋರಿಸಬೇಕೆಂಬ ಆಜ್ಞೆಯಾಗುತ್ತದೆ. ಗಡುವಿನ ದಿನ ಲಿಂಗದ ಮೇಲೆ ಕೂದಲು ಮೂಡಿರುತ್ತದೆ. ಅರ್ಚಕನು ಮಹಾಭಕ್ತನೆಂದು ಊರು ಕೊಂಡಾಡುತ್ತದೆ.

ಭಕ್ತಿಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಕಾರ್ನಾಡರ ನಾಟಕ ಇಲ್ಲಿಂದ ಮುಂದಕ್ಕೆ ನೋಡುತ್ತದೆ. ದೇವರು ತನ್ನ ಸುಳ್ಳನ್ನು ನಿಜಮಾಡಿ ಕಾಪಾಡಿದನೆಂಬುದೇ ಆ ಮನುಷ್ಯನಿಗೆ ಹೊರಲಾರದ ಭಾರವಾಗುತ್ತದೆ. ಶಿಕ್ಷೆಯಾಗಿದ್ದರೆ ಅನುಭವಿಸಬಹುದಿತ್ತು, ಅರ್ಹತೆಯಿಲ್ಲದೆ ಬಂದ ಕೃಪೆಯನ್ನು ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಕಾಣದೆ ಅವನು ಪ್ರಾಣವನ್ನೇ ತೊರೆಯಲು ಮುಂದಾಗುತ್ತಾನೆ. ಗಣಿಕೆಯ ಪ್ರಸ್ತಾಪವಿರುವುದರಿಂದ ಇದು ಚಿಕ್ಕ ಮಕ್ಕಳು ಆಡತಕ್ಕ ನಾಟಕವಲ್ಲ. ವಯಸ್ಸಿಗೆ ತಕ್ಕ ಆಯ್ಕೆ ಅಧ್ಯಾಪಕರ ಧರ್ಮ. ಆದರೆ ದೇವರೊಡನೆ ಮನುಷ್ಯನ ಸಂಬಂಧವನ್ನು ಇಷ್ಟು ಗಂಭೀರವಾಗಿ ನೋಡಿದ ಕೃತಿಯನ್ನು ನೀತಿಯಿಲ್ಲದ್ದೆಂದು ತಳ್ಳಿಹಾಕುವುದು ನ್ಯಾಯವಲ್ಲ. ಶಾಸ್ತ್ರವು ಪ್ರಭುವಿನಂತೆ ಆಜ್ಞಾಪಿಸುತ್ತದೆ, ಪುರಾಣವು ಮಿತ್ರನಂತೆ ತಿಳಿಹೇಳುತ್ತದೆ, ಕಾವ್ಯವು ಕಾಂತೆಯಂತೆ ಒಲಿಸುತ್ತದೆಂದು ಮಮ್ಮಟಾದಿಗಳು ಹೇಳಿದ್ದನ್ನು ನೆನೆದರೆ ಸಾಕು. ನಾಟಕದಿಂದ ಪ್ರಭುವಿನ ಕೆಲಸವನ್ನು ಬಯಸುವುದೇ ತಪ್ಪು.

ಓದುವ ಬಗೆ

ತರಗತಿಯಲ್ಲಿ ಏಕಾಂಕವನ್ನು ಕೈಗೆತ್ತಿಕೊಳ್ಳುವ ಅಧ್ಯಾಪಕರಿಗೆ ಐದು ಪ್ರಶ್ನೆಗಳನ್ನು ಸೂಚಿಸಬಯಸುತ್ತೇನೆ. ಮೊದಲನೆಯದು: ತೆರೆ ಸರಿಯುವ ಮುನ್ನ ಏನು ನಡೆದುಹೋಗಿದೆ? ಏಕಾಂಕದಲ್ಲಿ ಕಥೆಯ ಹೆಚ್ಚಿನ ಪಾಲು ಆರಂಭಕ್ಕೆ ಮೊದಲೇ ಮುಗಿದಿರುತ್ತದೆ. ಎರಡನೆಯದು: ಯಾವ ಗಳಿಗೆಯಲ್ಲಿ ಪಾತ್ರವು ಹಿಂದಿರುಗಲಾರದ ಹೆಜ್ಜೆಯನ್ನಿಡುತ್ತದೆ? ಮೂರನೆಯದು: ಯಾವ ವಸ್ತು ನಾಟಕದ ಭಾರವನ್ನು ಹೊತ್ತಿದೆ? ಕರ್ಣನ ಕವಚ, ಜಲಗಾರನ ಪೊರಕೆ, ಹೂವಿನೊಳಗಿನ ಕೂದಲು ಇವೆಲ್ಲ ಮಾತಿಲ್ಲದ ಪಾತ್ರಗಳೇ. ನಾಲ್ಕನೆಯದು: ಯಾವ ಮಾತು ಆಡಲ್ಪಡದೆ ಉಳಿಯಿತು? ಐದನೆಯದು: ಕೊನೆಯ ಗಳಿಗೆಯಲ್ಲಿ ರಂಗದ ಮೇಲೆ ಯಾರು ಉಳಿದರು, ಏಕೆ?

ಈ ಪ್ರಶ್ನೆಗಳಿಗೆ ಪುಸ್ತಕವನ್ನು ಮೌನವಾಗಿ ಓದಿ ಉತ್ತರ ಪಡೆಯುವುದು ಕಷ್ಟ. ಪಾತ್ರಗಳನ್ನು ಮಕ್ಕಳಿಗೆ ಹಂಚಿ, ನಿಲ್ಲಿಸಿ ಓದಿಸಬೇಕು. ಕಂಸದೊಳಗಿನ ರಂಗಸೂಚನೆಗಳನ್ನು ಬಿಟ್ಟು ಓದುವ ಅಭ್ಯಾಸ ಸಲ್ಲದು. "ಸ್ವಲ್ಪ ಹೊತ್ತು ಮೌನ" ಎಂದಿದ್ದರೆ ತರಗತಿ ನಿಜಕ್ಕೂ ಸ್ವಲ್ಪ ಹೊತ್ತು ಮೌನವಾಗಿರಬೇಕು. ಒಂದೇ ವಾಕ್ಯವನ್ನು ಇಬ್ಬರು ಮಕ್ಕಳಿಂದ ಎರಡು ಬಗೆಯಲ್ಲಿ ಹೇಳಿಸಿ, ಅರ್ಥ ಹೇಗೆ ಬದಲಾಯಿತೆಂದು ಕೇಳಬೇಕು. ತರಗತಿಯ ನಲವತ್ತು ನಿಮಿಷಗಳಲ್ಲಿ ಒಂದು ಕಿರುನಾಟಕವನ್ನು ಹೀಗೆ ಓದಿ ಮುಗಿಸಬಹುದು. ಈ ಅನುಕೂಲ ಬೇರೆ ನಾಟಕಪ್ರಕಾರಕ್ಕಿಲ್ಲ.

ನಾಟಕಶಾಲೆಯಿರುವುದು ನಗರಗಳಲ್ಲಿ ಮಾತ್ರ, ನಮ್ಮಂಥ ಊರುಗಳಿಗೆ ಇದು ಸಾಧ್ಯವೇ ಎಂದು ಕೆಲವರು ಶಂಕಿಸಬಹುದು. ೧೯೪೯ರಲ್ಲಿ ಹೆಗ್ಗೋಡೆಂಬ ಹಳ್ಳಿಯಲ್ಲಿ ಹುಟ್ಟಿದ ನೀನಾಸಂ ೧೯೮೫ರಿಂದ ತನ್ನ ತಿರುಗಾಟದ ಮೂಲಕ ಊರೂರಿಗೆ ನಾಟಕವನ್ನು ಒಯ್ದಿತು. ಸಾಣೇಹಳ್ಳಿಯ ಮಠದ ಆಶ್ರಯದಲ್ಲಿ ೧೯೯೭ರಲ್ಲಿ ಆರಂಭವಾದ ಶಿವಸಂಚಾರವು ಮಠದ ಅಂಗಳವೂ ರಂಗಭೂಮಿಯಾಗಬಲ್ಲುದೆಂದು ತೋರಿಸಿತು. ಏಕಾಂಕಕ್ಕೆ ಬೇಕಾದ ಪರಿಕರವೂ ಅಲ್ಪ: ಒಂದು ಬೆಂಚು, ಎರಡು ದೀಪ, ನಾಲ್ವರು ಮಕ್ಕಳು, ಒಬ್ಬ ಶ್ರದ್ಧಾವಂತ ಅಧ್ಯಾಪಕ.

ವಿದ್ಯಾಸಂಸ್ಥೆಯ ಅಭಿಮಾನಿಗಳಲ್ಲಿ, ದಾನಿಗಳಲ್ಲಿ ಎರಡು ವಿನಂತಿಗಳಿವೆ. ಗ್ರಂಥಭಂಡಾರಕ್ಕೆ ಏಕಾಂಕ ಸಂಕಲನಗಳನ್ನು ಕೊಡುವಾಗ ಒಂದೊಂದು ಪ್ರತಿಯ ಬದಲು ಪಾತ್ರಗಳ ಸಂಖ್ಯೆಯಷ್ಟು ಪ್ರತಿಗಳನ್ನು ಕೊಡಿರಿ. ಆಗ ಪುಸ್ತಕ ಕಪಾಟಿನಲ್ಲಿ ಉಳಿಯದೆ ಮಕ್ಕಳ ಕೈಯಲ್ಲಿ ಆಡುತ್ತದೆ. ವಾರ್ಷಿಕೋತ್ಸವದಲ್ಲಿ ಮಕ್ಕಳು ಆಡಿದ ನಾಟಕ ಮುಗಿದಾಗ, ಇದರ ನೀತಿಯೇನೆಂದು ಅವರನ್ನು ಕೇಳುವುದಕ್ಕೆ ಮೊದಲು, ಆ ಪಾತ್ರದ ಸ್ಥಾನದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿರಿ. ಆ ಪ್ರಶ್ನೆಗೆ ಮಗು ಒಡನೆಯೇ ಉತ್ತರ ಹೇಳದೆ ಕ್ಷಣಕಾಲ ಯೋಚಿಸಿದರೆ, ನಾಟಕ ತನ್ನ ಕೆಲಸವನ್ನು ಮಾಡಿದೆಯೆಂದು ತಿಳಿಯಬಹುದು.