ಪಂಪ್‌ಸೆಟ್ ಕೆಲಸದವರ ಮಲ್ಟಿಮೀಟರಿಗೆ ಆಂಪ್ಸ್ ಬೇಕೇ?

ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತ, ರೈಸ್ ಮಿಲ್ಲು. ಮಸ್ಕಿ, ಲಿಂಗಸುಗೂರಿನ ಒಣ ಹೊಲಗಳಲ್ಲಿ ಬೋರ್‌ವೆಲ್ಲು. ಮೋಟಾರ್ ಕೆಲಸ ಮೂರೂ ಕಡೆ ಕೈತುಂಬ ಇದೆ. ಕೆಲಸ ಕಲಿಯಲು ಬರುವ ಹುಡುಗರು ಮೊದಲು ಕೇಳುವುದು ಒಂದೇ: ಯಾವ ಮೀಟರ್ ತಗೊಳ್ಳಲಿ, ಅದರಲ್ಲಿ ಆಂಪ್ಸ್ ಇರಬೇಕಾ?

1. ಆಂಪ್ಸ್ ಇದೆ ಎಂಬ ಕಾರಣಕ್ಕೆ ಮೀಟರ್ ಕೊಳ್ಳಬೇಡಿ. ಎಲ್ಲ ಅಂಗಡಿಯಲ್ಲೂ ತೂಗುಹಾಕಿರುವ ಹಳದಿ ಬಣ್ಣದ 830 ಮಾದರಿಯ ಅಗ್ಗದ ಮೀಟರಿನ ಮೈಮೇಲಿನ ಅಕ್ಷರ ಓದಿ ನೋಡಿ. 10 ಆಂಪ್ಸಿನ ತೂತಿಗೆ ಫ್ಯೂಸ್ ಇಲ್ಲ ಎಂದು ಅಲ್ಲೇ ಬರೆದಿರುತ್ತದೆ. ಅದು ಅಳೆಯುವುದೂ ಡಿಸಿ ಆಂಪ್ಸ್ ಮಾತ್ರ. ನಮ್ಮ ಮೋಟಾರ್ ಓಡುವುದು 415 ವೋಲ್ಟ್ ಎಸಿಯಲ್ಲಿ. ಹೆಚ್ಚು ದುಡ್ಡು ಕೊಟ್ಟು ಎಸಿ ಆಂಪ್ಸ್ ಇರುವುದನ್ನೇ ತಂದಿರಿ ಎನ್ನೋಣ. 5 ಎಚ್‌ಪಿ ಮೋಟಾರ್ ಪೂರ್ತಿ ಲೋಡಿನಲ್ಲಿ 7ರಿಂದ 8 ಆಂಪ್ಸ್ ಎಳೆಯುತ್ತದೆ, ಸ್ಟಾರ್ಟ್ ಆಗುವಾಗ ಅದರ ಐದಾರು ಪಟ್ಟು. ವೈರ್ ಬಿಚ್ಚಿ ನಡುವೆ ಮೀಟರ್ ಕಟ್ಟಿ ಸ್ವಿಚ್ ಒತ್ತಿದರೆ ಅದರ ಫ್ಯೂಸ್ ಎಷ್ಟು ಹೊತ್ತು ತಡೆದೀತು?

2. ಕೆಂಪು ಪ್ರೋಬ್ ಯಾವ ತೂತಿನಲ್ಲಿದೆ ಎಂದು ಪ್ರತಿ ಸಲ ನೋಡಿ. ಆಂಪ್ಸ್ ತೂತಿನ ಹಿಂದೆ ಇರುವುದು ದಪ್ಪ ತಂತಿಯ ಒಂದು ತುಂಡು, ಅಷ್ಟೇ. ಪ್ರೋಬ್ ಅಲ್ಲೇ ಉಳಿದಿರುವಾಗ ಎರಡು ಫೇಸ್ ಮುಟ್ಟಿದರೆ ನೇರ ಶಾರ್ಟ್. ಡಯಲ್ ವೋಲ್ಟಿನ ಮೇಲಿದ್ದರೂ ಶಾರ್ಟ್ ತಪ್ಪುವುದಿಲ್ಲ. ಸ್ಟಾರ್ಟರ್ ಡಬ್ಬಿಯ ಮುಂದೆ ಬಗ್ಗಿ ನಿಂತವನ ಮುಖಕ್ಕೇ ಬೆಂಕಿ ಹಾರುತ್ತದೆ. ಹೊಸಬರಿಗೆ ಆಂಪ್ಸ್ ತೂತೇ ಇಲ್ಲದ ಮೀಟರ್ ಕೊಡಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

3. ಮೋಟಾರಿನ ಆಂಪ್ಸ್ ನೋಡಲು ಟಾಂಗ್ ಟೆಸ್ಟರ್ ತಗೊಳ್ಳಿ. ವೈರ್ ಬಿಚ್ಚುವ ಕೆಲಸವೇ ಇಲ್ಲ. ಅದರ ದವಡೆಯಲ್ಲಿ ಒಂದು ಸಲಕ್ಕೆ ಒಂದೇ ವೈರ್ ಹಿಡಿಯಬೇಕು. ಮೂರೂ ಫೇಸ್ ಒಟ್ಟಿಗೆ ಹಿಡಿದರೆ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ. ನಮ್ಮಲ್ಲಿ ಹೊಲದ ಲೈನಿಗೆ ತ್ರೀಫೇಸ್ ಇರುವುದು ದಿನಕ್ಕೆ ಕೆಲವೇ ಗಂಟೆ. ಆ ಹೊತ್ತಿಗೆ ಎಲ್ಲರ ಮೋಟಾರೂ ಓಡಿ, ಲೈನಿನ ಕೊನೆಯಲ್ಲಿರುವವರಿಗೆ ವೋಲ್ಟೇಜ್ ಕುಸಿಯುತ್ತದೆ, ಆಂಪ್ಸ್ ಏರುತ್ತದೆ. ಒಂದು ಫೇಸ್ ಹೋದರಂತೂ ಉಳಿದೆರಡರಲ್ಲಿ ಸುಮಾರು ಒಂದೂಮುಕ್ಕಾಲು ಪಟ್ಟು ಹರಿದು, ರಿಲೇ ಟ್ರಿಪ್ ಆಗದಿದ್ದರೆ ವೈಂಡಿಂಗ್ ಸುಡುತ್ತದೆ. ಆದ್ದರಿಂದ ಮೂರೂ ಫೇಸಿನ ಆಂಪ್ಸ್ ಬೇರೆಬೇರೆ ಬರೆದುಕೊಳ್ಳಿ, ಮೋಟಾರಿನ ನೇಮ್‌ಪ್ಲೇಟಿನ ಜೊತೆ ಹೋಲಿಸಿ, ಆಮೇಲೆ ರಿಲೇ ಸೆಟ್ಟಿಂಗ್ ಮುಟ್ಟಿ. ಆಂಪ್ಸ್ ತೀರಾ ಕಡಿಮೆಯಿದ್ದರೆ ವೈರನ್ನು ದವಡೆಯೊಳಗೆ ಹತ್ತು ಸುತ್ತು ಹಾಯಿಸಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸಿ.

ಕೊಳ್ಳುವಾಗ ಇನ್ನೊಂದು ಮಾತು ಕೇಳಿ. ಕಡಿಮೆ ಬೆಲೆಯ ಟಾಂಗ್ ಟೆಸ್ಟರ್ ಬಹುಪಾಲು ಎಸಿ ಮಾತ್ರ ಅಳೆಯುತ್ತದೆ. ಸೋಲಾರ್ ಪಂಪಿನ ಪ್ಯಾನೆಲ್ ಕೆಲಸವೂ ಇದ್ದರೆ ಡಿಸಿ ಅಳೆಯುವುದೇ ಬೇಕು.

4. ಮೀಟರಿನ ಆಂಪ್ಸ್ ನಿಜಕ್ಕೂ ಬೇಕಾಗುವ ಕೆಲಸವೂ ಉಂಟು. ರಾತ್ರಿ ನಿಲ್ಲಿಸಿದ ಟ್ರ್ಯಾಕ್ಟರಿನ ಬ್ಯಾಟರಿ ಬೆಳಿಗ್ಗೆ ಇಳಿದಿದ್ದರೆ, ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ ನಡುವೆ ಮೀಟರ್ ಸೇರಿಸಿ ಸೋರಿಕೆ ನೋಡಬಹುದು. ಮೊದಲು 10 ಆಂಪ್ಸ್, ಆಮೇಲೆ ಮಿಲಿಆಂಪ್ಸ್. ಮೀಟರ್ ಇರುವಾಗ ಮಾತ್ರ ಯಾರೂ ಕೀ ತಿರುಗಿಸಕೂಡದು; ಸೆಲ್ಫ್ ನೂರಾರು ಆಂಪ್ಸ್ ಎಳೆಯುತ್ತದೆ.

5. ಆಂಪ್ಸ್ ಬಿಟ್ಟು ಉಳಿಸಿದ ದುಡ್ಡನ್ನು ಪ್ರೋಬ್‌ಗೆ, ಮೀಟರಿನ ಸುರಕ್ಷತೆ ಹೇಳುವ ಕ್ಯಾಟ್ ರೇಟಿಂಗಿಗೆ ಹಾಕಿ. ಸ್ಟಾರ್ಟರ್ ಡಬ್ಬಿಗೆ ಕ್ಯಾಟ್ 3, 600 ವೋಲ್ಟ್ ಇರಲೇಬೇಕು. ಕಂಬದಿಂದ ಬರುವ ಸರ್ವಿಸ್ ವೈರಿನ ಕಡೆಗೆ ಕ್ಯಾಟ್ 4. ತುದಿಯಲ್ಲಿ ಬೆತ್ತಲೆ ಲೋಹ ಉದ್ದ ಇದ್ದಷ್ಟೂ ಪಕ್ಕದ ಟರ್ಮಿನಲ್ ಮುಟ್ಟುವ ಅಪಾಯ ಹೆಚ್ಚು.

6. ಓಮ್ಸ್ ತೋರಿಸಿದ್ದನ್ನು ನಂಬಿ ಮೋಟಾರನ್ನು ಬೋರಿಗೆ ಇಳಿಸಬೇಡಿ. ಕೇಬಲ್ ಜಾಯಿಂಟಿಗೆ ನೀರು ಹೊಕ್ಕಿದ್ದರೂ ಮೀಟರಿನೊಳಗಿನ 9 ವೋಲ್ಟ್ ಬ್ಯಾಟರಿಗೆ ಅದು ಗೊತ್ತಾಗದೆ ಹೋಗಬಹುದು, 415 ವೋಲ್ಟಿಗೆ ಸೋರುತ್ತದೆ. ಅದಕ್ಕೆ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್ ಬೇಕು. ಜಾಯಿಂಟನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಮೆಗ್ಗರ್ ಹಚ್ಚಿ. ಒಂದು ಮೆಗಾಓಮ್ ಕೂಡ ಬರದಿದ್ದರೆ ಜಾಯಿಂಟ್ ಬಿಚ್ಚಿ ಮತ್ತೆ ಕಟ್ಟಿ.