ಕೆಂಪನ ಪಥ್ಯದ ಲೆಕ್ಕ

ಬೆಕ್ಕಿನ ಆಹಾರದ ಚೀಲದ ಮೇಲೆ ಇರುವುದು ಕಿಲೋ ಲೆಕ್ಕದ ಬೆಲೆ. ಬೆಕ್ಕಿಗೆ ಬೇಕಾದದ್ದು ಕ್ಯಾಲೊರಿ. ಆರೋಗ್ಯವಂತ ಬೆಕ್ಕಿನ ಮನೆಯಲ್ಲಿ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ, ತಿಂಗಳಿಗೆ ನೂರಿನ್ನೂರು ರೂಪಾಯಿ ಆಚೀಚೆ ಆದರೆ ಆದೀತು. ಹೊಟ್ಟೆಯ ಕಾಯಿಲೆ ವರ್ಷಗಟ್ಟಲೆ ಕಾಡುವ ಬೆಕ್ಕಾದರೆ ಹಾಗಲ್ಲ. ಕೊಂಡದ್ದರಲ್ಲಿ ಎಷ್ಟು ತಿಂದಿತು, ತಿಂದದ್ದರಲ್ಲಿ ಎಷ್ಟು ಹೊಟ್ಟೆಯಲ್ಲಿ ನಿಂತಿತು, ನಿಂತದ್ದರಲ್ಲಿ ಎಷ್ಟು ಮೈಗೆ ಹತ್ತಿತು ಎಂದು ಮೂರು ಸಲ ಸೋಸಿದ ಮೇಲೆ ಉಳಿಯುವುದೇ ನಿಜವಾದ ಬೆಲೆ.

ನಮ್ಮ ಮನೆಯ ಕೆಂಪ ಅಂಥ ಬೆಕ್ಕು. ನಾಲ್ಕೂವರೆ ಕಿಲೋ ತೂಗುತ್ತಿದ್ದವನು ಮೂರೂವರೆಗೆ ಇಳಿದಿದ್ದ. ಬೆನ್ನು ಸವರಿದರೆ ಮೂಳೆ ಕೈಗೆ ತಾಗುತ್ತಿತ್ತು. ತಿಂದ ಸ್ವಲ್ಪ ಹೊತ್ತಿಗೆ ವಾಂತಿ, ಆಗಾಗ ಭೇದಿ. ಉಡುಪಿ ಕಡೆಯ ನಮ್ಮಮ್ಮ, "ಬೆಕ್ಕು ಅಂದ ಮೇಲೆ ಕಾರ್ತದೆ ಮಾರಾಯ್ತಿ, ಅದಕ್ಕೆಲ್ಲ ಡಾಕ್ಟ್ರಾ?" ಅಂದರು. ಬೆಕ್ಕು ಸಾಕಿದ ಎಷ್ಟೋ ಮನೆಗಳಲ್ಲಿ ಇದೇ ನಂಬಿಕೆ. ಎಂದೋ ಒಮ್ಮೆ ಕೂದಲುಂಡೆ ಹೊರಹಾಕುವುದು ಸಹಜವೇ. ವಾರವಾರವೂ ವಾಂತಿ ಮಾಡುತ್ತಾ ತೂಕ ಇಳಿಯುವುದು ಸಹಜವಲ್ಲ.

ಪಶುವೈದ್ಯರು ಮೊದಲು ಮಲ ಪರೀಕ್ಷೆ ಮಾಡಿಸಿ ಜಂತುಹುಳದ ಔಷಧಿ ಕೊಟ್ಟರು. ಆಮೇಲೆ ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನ್. ಸ್ಕ್ಯಾನ್‌ನಲ್ಲಿ ಸಣ್ಣ ಕರುಳಿನ ಗೋಡೆ ದಪ್ಪಗಾಗಿರುವುದು ಕಂಡಿತು. ಹೀಗೆ ದಪ್ಪಗಾಗಲು ಕರುಳಿನ ಉರಿಯೂತವೂ ಕಾರಣವಾಗಬಹುದು, ನಿಧಾನವಾಗಿ ಬೆಳೆಯುವ ಒಂದು ಬಗೆಯ ಲಿಂಫೋಮಾ ಕ್ಯಾನ್ಸರೂ ಕಾರಣವಾಗಬಹುದು. ಎರಡರಲ್ಲಿ ಯಾವುದೆಂದು ಖಚಿತವಾಗಿ ಹೇಳಬೇಕಾದರೆ ಕರುಳಿನ ಚೂರು ತೆಗೆದು ಬಯಾಪ್ಸಿ ಮಾಡಬೇಕು, ಅದಕ್ಕೆ ಅರಿವಳಿಕೆ ಬೇಕು. ನಮಗೆ ಸಿಕ್ಕ ಅಂದಾಜು ಹತ್ತಾರು ಸಾವಿರದ್ದು. "ಅಲ್ಲಿಗೆ ಹೋಗೋ ಮೊದಲು ಎರಡು ವಾರ ಪಥ್ಯ ಮಾಡಿಸಿ ನೋಡೋಣ" ಅಂದರು ವೈದ್ಯರು. ಆಹಾರ ಬದಲಿಸಿದ್ದರಿಂದಲೇ ಚೇತರಿಸಿಕೊಳ್ಳುವ ಬೆಕ್ಕುಗಳು ಸಾಕಷ್ಟಿವೆ, ಕರುಳಿನ ವಿಷಯದಲ್ಲಿ ಅದರ ಸುಳಿವು ಸಾಮಾನ್ಯವಾಗಿ ಎರಡು ವಾರದೊಳಗೆ ಸಿಗುತ್ತದೆ ಎಂದು ವಿವರಿಸಿದರು.

ಈ ಅಂಕಣದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಪಥ್ಯದ ಆಹಾರವನ್ನು ದಿನಸಿ ಖರ್ಚಿಗೆ ಸೇರಿಸಿ ನೋಡಿದರೆ ಬೆಲೆ ಕೇಳಿಯೇ ಎದೆ ಧಸಕ್ಕೆನ್ನುತ್ತದೆ. ಅದನ್ನು ಚಿಕಿತ್ಸೆಯ ಖರ್ಚಿಗೆ ಸೇರಿಸಿ. ಎರಡು ವಾರದ ಪಥ್ಯ ಸಾವಿರ ರೂಪಾಯಿಯ ಒಳಗಿನ ಒಂದು ಪರೀಕ್ಷೆ, ಅರಿವಳಿಕೆ ಇಲ್ಲದ ಪರೀಕ್ಷೆ. ಅದಕ್ಕಿಂತ ಅಗ್ಗದ, ಅದಕ್ಕಿಂತ ಹೆಚ್ಚು ತಿಳಿಸಿಕೊಡುವ ಇನ್ನೊಂದು ನನಗೆ ಕಾಣಲಿಲ್ಲ.

ಆ ಸಾವಿರದ ಲೆಕ್ಕ ಹೀಗೆ. ಮನೆಯೊಳಗೇ ಇರುವ, ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ನಮ್ಮ ಹತ್ತಿರದ ಅಂಗಡಿಯಲ್ಲಿ ಸಾಮಾನ್ಯ ಒಣ ಆಹಾರ ಕಿಲೋಗೆ 400 ರೂಪಾಯಿಯ ಆಸುಪಾಸು. ಅದರ 100 ಗ್ರಾಂನಲ್ಲಿ 360 ಕ್ಯಾಲೊರಿ ಎಂದಿಟ್ಟುಕೊಂಡರೆ ದಿನಕ್ಕೆ 55 ಗ್ರಾಂ, ಅಂದರೆ 22 ರೂಪಾಯಿ. ವೈದ್ಯರು ಬರೆದುಕೊಟ್ಟ ಒಣ ಆಹಾರ ಕಿಲೋಗೆ 1,300. ಅದರಲ್ಲಿ ಕ್ಯಾಲೊರಿ ತುಸು ಹೆಚ್ಚು, 100 ಗ್ರಾಂಗೆ 400. ದಿನಕ್ಕೆ 50 ಗ್ರಾಂ ಸಾಕು, 65 ರೂಪಾಯಿ. ಅದೇ ಬಗೆಯ ಹಸಿ ಆಹಾರದ 85 ಗ್ರಾಂ ಪೌಚ್‌ಗೆ 130 ರೂಪಾಯಿ, ಒಂದರಲ್ಲಿ 80 ಕ್ಯಾಲೊರಿ. ಬರೀ ಅದನ್ನೇ ತಿನ್ನಿಸಿದರೆ ದಿನಕ್ಕೆ ಎರಡೂವರೆ ಪೌಚ್, 325 ರೂಪಾಯಿ. ತಿಂಗಳಿಗೆ ಹತ್ತು ಸಾವಿರ ಹತ್ತಿರ. ಕಾಯಿಲೆ ಒಂದೇ, ಪಥ್ಯವೂ ಒಂದೇ. ಚೀಲ ತರುತ್ತೀರೋ ಪೌಚ್ ತರುತ್ತೀರೋ ಅನ್ನುವುದರ ಮೇಲೆ ತಿಂಗಳಿಗೆ ಎಂಟು ಸಾವಿರ ರೂಪಾಯಿಯ ಅಂತರ.

ಹಾಗೆಂದು ಹಸಿ ಆಹಾರ ದಂಡವಲ್ಲ. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ನೀರೇ, ಮತ್ತು ಭೇದಿಯಾಗುವ ಬೆಕ್ಕಿಗೆ ನೀರು ಬೇಕೇ ಬೇಕು. ಲೇಬಲ್ ಓದುವಾಗ ಒಂದು ಎಚ್ಚರ ಇರಲಿ. ಪೌಚ್ ಮೇಲೆ ಪ್ರೋಟೀನ್ ಶೇ 10, ಚೀಲದ ಮೇಲೆ ಶೇ 32 ಎಂದಿರುತ್ತದೆ. ನೀರನ್ನು ಕಳೆದು ನೋಡಿದರೆ ಪೌಚ್‌ನಲ್ಲಿ ಉಳಿಯುವುದು 20 ಪಾಲು, ಅದರಲ್ಲಿ 10 ಪ್ರೋಟೀನ್, ಅಂದರೆ ಅರ್ಧಕ್ಕರ್ಧ. ಒಣ ಆಹಾರದಲ್ಲಿ 90ರಲ್ಲಿ 32, ಶೇ 36ರ ಹತ್ತಿರ. ನಾವು ಒಣ ಆಹಾರಕ್ಕೆ ಬೆಚ್ಚಗಿನ ನೀರು ಹಾಕಿ ನೆನೆಸಿ ಕೊಡುತ್ತೇವೆ. ಪೌಚ್ ಇರುವುದು ಅವನು ಮುಖ ತಿರುಗಿಸಿದ ದಿನಗಳಿಗೆ.

ಮುಖ ತಿರುಗಿಸುವುದು ಅಂದರೆ ಕೆಂಪ ಸುಮ್ಮನೆ ಎದ್ದು ಹೋಗುವುದಿಲ್ಲ. ತಟ್ಟೆಯ ಸುತ್ತ ನೆಲವನ್ನು ಮುಂಗಾಲಿನಿಂದ ಕೆರೆಯುತ್ತಾನೆ, ಮರಳಿನ ಪೆಟ್ಟಿಗೆಯಲ್ಲಿ ಮಲ ಮುಚ್ಚುವ ಹಾಗೆಯೇ. ಎಡಕ್ಕೆರಡು ಕೆರೆತ, ಬಲಕ್ಕೆರಡು, ಮತ್ತೆ ಮೂಸಿ ನೋಡಿ ಇನ್ನೊಮ್ಮೆ. ಆಗ ಪೌಚನ್ನು ಬಿಸಿನೀರಿನಲ್ಲಿ ಇಟ್ಟು, ವಾಸನೆ ಏಳುವಷ್ಟು ಬೆಚ್ಚಗೆ ಮಾಡಿ ಒಂದು ಚಮಚ ಮೇಲೆ ಹಾಕಿದರೆ ಹೆಚ್ಚಿನ ಸಲ ತಿನ್ನುತ್ತಾನೆ. "ಹಸಿವಾದರೆ ತಾನೇ ತಿಂತದೆ" ಎಂದು ಬಿಡುವ ಹಾಗಿಲ್ಲ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಆದ್ದರಿಂದ ಹೊಸ ಆಹಾರ ಯಾವುದೇ ಆಗಲಿ, ಸಿಗುವುದರಲ್ಲಿ ಅತಿ ಸಣ್ಣ ಪ್ಯಾಕೆಟ್ ತನ್ನಿ. ದೊಡ್ಡ ಚೀಲಕ್ಕೆ ಕಿಲೋ ಬೆಲೆ ಕಡಿಮೆ ಎಂದು ಅಂಗಡಿಯವರು ಹೇಳುತ್ತಾರೆ, ಅದು ನಿಜವೂ ಹೌದು. ಬೆಕ್ಕು ಒಲ್ಲೆ ಅಂದ ದಿನ ಆ ಉಳಿತಾಯ ಪೂರ್ತಿ ನಷ್ಟ. ಒಪ್ಪಿ ತಿಂದರೂ ದಿನಕ್ಕೆ 50 ಗ್ರಾಂನಂತೆ ದೊಡ್ಡ ಚೀಲ ಮುಗಿಯುವ ಹೊತ್ತಿಗೆ ಒಳಗಿನ ಕೊಬ್ಬು ಕಮಟು ಹಿಡಿಯುತ್ತದೆ.

ಕೆಂಪನಿಗೆ ಬರೆದುಕೊಟ್ಟದ್ದು ಹೈಡ್ರೊಲೈಸ್ಡ್ ಆಹಾರ. ಅದರಲ್ಲಿ ಪ್ರೋಟೀನನ್ನು ಎಷ್ಟು ಸಣ್ಣ ತುಣುಕುಗಳಾಗಿ ಒಡೆದಿರುತ್ತಾರೆ ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಗೆ ಅದು ಕೋಳಿಯದೋ ಮೀನಿನದೋ ಗುರುತೇ ಸಿಗುವುದಿಲ್ಲ. ಬೆಕ್ಕುಗಳಿಗೆ ಹೆಚ್ಚಾಗಿ ಒಗ್ಗದಿರುವುದು ದನದ ಮಾಂಸ, ಮೀನು, ಕೋಳಿ. "ಗ್ರೇನ್ ಫ್ರೀ" ಎಂದು ದೊಡ್ಡ ಅಕ್ಷರದಲ್ಲಿ ಬರೆದ ದುಬಾರಿ ಚೀಲಗಳಿಗೆ ಈ ಕಾರಣಕ್ಕೆ ದುಡ್ಡು ಸುರಿಯಬೇಕಿಲ್ಲ, ಧಾನ್ಯ ಇಲ್ಲಿ ಮೊದಲ ಅನುಮಾನವೇ ಅಲ್ಲ.

ಈ ಎರಡು ವಾರದಲ್ಲಿ ಹೊರಗಿನ ಒಂದು ತುಣುಕೂ ಬೆಕ್ಕಿನ ಬಾಯಿಗೆ ಹೋಗಬಾರದು. ಹೋದರೆ ಪರೀಕ್ಷೆ ಮೊದಲಿಂದ ಶುರು, ಖರ್ಚೂ ಮೊದಲಿಂದ. ಅಮ್ಮನಿಗೆ ಇದು ತುಂಬಾ ಕಷ್ಟವಾಯಿತು. ಭೂತಾಯಿ ಮೀನು ತೊಳೆಯುವಾಗ ಕಾಲ ಬಳಿ ಬಂದು ಕೂಗುವ ಬೆಕ್ಕಿಗೆ ಒಂದು ತಲೆಯನ್ನೂ ಹಾಕದೆ ಇರುವುದು ಅವರ ಮಟ್ಟಿಗೆ ನಿರ್ದಯ. ಕೊನೆಗೆ ಮೀನು ತರುವುದನ್ನೇ ನಿಲ್ಲಿಸಿದರು. ಅಷ್ಟರಮಟ್ಟಿಗೆ ಕೆಂಪನ ಪಥ್ಯ ಅಮ್ಮನದೂ ಆಯಿತು. ನಾನದನ್ನು ಮರೆಯುವುದಿಲ್ಲ.

ಮನೆಯಲ್ಲೇ ಕೋಳಿ ಬೇಯಿಸಿ ಹಾಕಿದರೆ ಅಗ್ಗವಲ್ಲವೇ ಎಂದು ಹಲವರು ಕೇಳುತ್ತಾರೆ. 200 ಕ್ಯಾಲೊರಿಗೆ ಸುಮಾರು 170 ಗ್ರಾಂ ಮೂಳೆರಹಿತ ಕೋಳಿಮಾಂಸ ಬೇಕು. ಕಿಲೋಗೆ 350ರಂತೆ 60 ರೂಪಾಯಿ. ಪಥ್ಯದ ಒಣ ಆಹಾರಕ್ಕೂ ಇದಕ್ಕೂ ಐದು ರೂಪಾಯಿ ವ್ಯತ್ಯಾಸ, ಅಷ್ಟೆ. ಆ ಕೋಳಿಯಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇಲ್ಲ, ಇರುವ ಟೌರಿನ್ ಎಂಬ ಪೋಷಕಾಂಶ ಬೇಯಿಸಿದ ನೀರಿಗೆ ಇಳಿದುಹೋಗುತ್ತದೆ. ಟೌರಿನ್ ಇಲ್ಲದೆ ಬೆಕ್ಕಿನ ಕಣ್ಣೂ ಹೃದಯವೂ ಕೆಡುತ್ತವೆ. ಬೆಕ್ಕುಗಳ ಒಂದು ಹೃದ್ರೋಗಕ್ಕೆ ಈ ಕೊರತೆಯೇ ಕಾರಣವೆಂದು ಅಮೆರಿಕದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿಕೊಟ್ಟ ಮೇಲೆಯೇ ಕಂಪನಿಗಳು ಆಹಾರದಲ್ಲಿ ಟೌರಿನ್ ಪ್ರಮಾಣ ಹೆಚ್ಚಿಸಿದ್ದು. ಒಂದೆರಡು ದಿನ ಬೇಯಿಸಿದ ಕೋಳಿ ಕೊಟ್ಟರೆ ತೊಂದರೆಯಿಲ್ಲ. ವರ್ಷಗಟ್ಟಲೆ ಕೊಡುವುದಾದರೆ ಪೂರಕಗಳ ಲೆಕ್ಕವನ್ನು ತಜ್ಞರಿಂದಲೇ ಹಾಕಿಸಬೇಕು. ಹಾಲು ಅನ್ನದ ಮಾತು ಬೇಡವೇ ಬೇಡ, ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗುವುದಿಲ್ಲ.

ಇಡೀ ಚಿಕಿತ್ಸೆಯಲ್ಲಿ ಅತಿ ಹೆಚ್ಚು ಫಲ ಕೊಟ್ಟ ಸಣ್ಣ ಖರ್ಚು ಬಿ12 ಚುಚ್ಚುಮದ್ದಿನದು. ಕೆಟ್ಟ ಕರುಳು ಈ ಜೀವಸತ್ವವನ್ನು ಹೀರಿಕೊಳ್ಳುವುದಿಲ್ಲ, ಅದು ಕಡಿಮೆಯಾದರೆ ಹಸಿವೇ ಸತ್ತುಹೋಗುತ್ತದೆ. ಹಸಿವಿಲ್ಲದ ಬೆಕ್ಕಿನ ಮುಂದೆ 1,300 ರೂಪಾಯಿಯ ಆಹಾರ ಇಟ್ಟರೆ ಸಂಜೆಗೆ ಅದು ಕಸದ ಬುಟ್ಟಿಗೇ. ವಾರಕ್ಕೊಂದರಂತೆ ಆರು ವಾರ ಕೊಡುವುದು ರೂಢಿ, ಔಷಧಿಯ ಬೆಲೆ ಒಂದು ಪೌಚ್‌ಗಿಂತ ಕಡಿಮೆ. ಮಾಡಿಸಿದ ಪರೀಕ್ಷೆಗಳಲ್ಲಿ ಬಿ12 ಇತ್ತೇ ಎಂದು ವೈದ್ಯರನ್ನು ಕೇಳಿ ನೋಡಿ. ಇನ್ನೊಂದು ಸಣ್ಣ ಖರ್ಚು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಕಣ್ಣಂದಾಜಿನ ಒಂದು ಹಿಡಿ 35 ಗ್ರಾಂ ಇರಬಹುದು, 60 ಇರಬಹುದು. ಬೆಕ್ಕಿನ ತೂಕವನ್ನೂ ವಾರಕ್ಕೊಮ್ಮೆ ಒಂದು ಪುಸ್ತಕದಲ್ಲಿ ಬರೆದಿಡುತ್ತೇವೆ. ಆಹಾರ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಚೀಲದ ಮೇಲಿನ ಬರಹಕ್ಕಿಂತ ಮೊದಲು ಆ ಪುಸ್ತಕ ಹೇಳುತ್ತದೆ.

ಸರ್ಕಾರದ ಕಡೆಯಿಂದ ಇಲ್ಲಿ ರಿಯಾಯಿತಿ ನಿರೀಕ್ಷಿಸಬೇಡಿ. ವೈದ್ಯರೇ ಬರೆದುಕೊಟ್ಟರೂ ಪಥ್ಯದ ಚೀಲ ತೆರಿಗೆಯ ಕಣ್ಣಿಗೆ ಆಹಾರವೇ, ಶೇ 18 ಜಿಎಸ್‌ಟಿ. ಆದಾಯ ತೆರಿಗೆಯಲ್ಲಿ ಆರೋಗ್ಯ ವಿಮೆಗೆ ಸಿಗುವ ವಿನಾಯಿತಿ ಸಂಗಾತಿ, ಮಕ್ಕಳು, ತಂದೆತಾಯಿಗೆ ಇದೆ, ಬೆಕ್ಕಿಗೆ ಇಲ್ಲ. ವಿಮೆ ಮಾಡಿಸುವುದಿದ್ದರೆ ಬೆಕ್ಕು ಗಟ್ಟಿಯಾಗಿರುವಾಗಲೇ ಮಾಡಿಸಬೇಕು, ಈಗಾಗಲೇ ಇರುವ ಕಾಯಿಲೆಯನ್ನು ಪಾಲಿಸಿಗಳು ಹೊರಗಿಡುತ್ತವೆ. ನಾನು ಕೆಂಪನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಒಂದು ಆರ್‌ಡಿ ಶುರು ಮಾಡಿದೆ. ಆಹಾರದ ದುಡ್ಡು ತಿಂಗಳ ಖರ್ಚಿನಲ್ಲಿ ಹೋಗುತ್ತದೆ, ಆರ್‌ಡಿಯ ದುಡ್ಡು ಸ್ಕ್ಯಾನ್‌ಗೆ, ಮುಂದೆಂದಾದರೂ ಬೇಕಾದರೆ ಬಯಾಪ್ಸಿಗೆ. ಬೆಂಗಳೂರಿನವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನೂ ನೆನಪಿನಲ್ಲಿಡಿ. ಖಾಸಗಿ ದರ ಎಟುಕದಿದ್ದಾಗ ಪರೀಕ್ಷೆಗಳನ್ನೇ ಕೈಬಿಡಬೇಕಾಗಿಲ್ಲ.

ಎರಡು ವಾರದ ಕೊನೆಗೆ ವಾಂತಿ ನಿಂತಿತ್ತು, ಮಲ ಗಟ್ಟಿಯಾಗಿತ್ತು. ದುಡ್ಡಿನ ದೃಷ್ಟಿಯಿಂದ ತುಂಬಾ ಜನ ಬಿಟ್ಟುಬಿಡುವ ಹೆಜ್ಜೆ ಇದರ ಮುಂದಿನದು. ಗುಣವಾಯಿತಲ್ಲ ಎಂದು ಆಯುಷ್ಯಪೂರ್ತಿ ಆ ದುಬಾರಿ ಆಹಾರವನ್ನೇ ಮುಂದುವರಿಸುತ್ತಾರೆ. ಕೆಲವು ಬೆಕ್ಕುಗಳಿಗೆ ಅದು ಬೇಕಾಗುತ್ತದೆ, ಎಲ್ಲಕ್ಕೂ ಅಲ್ಲ. ಕೆಲ ತಿಂಗಳು ತೂಕ ನಿಂತ ಮೇಲೆ, ವೈದ್ಯರನ್ನು ಕೇಳಿಕೊಂಡು, ಒಂದೊಂದೇ ಪ್ರೋಟೀನನ್ನು ಮರಳಿ ಕೊಟ್ಟು ನೋಡಬಹುದು. ನಾವು ಮೀನು ಕೊಟ್ಟೆವು, ವಾಂತಿ ಮರಳಿತು. ಪಥ್ಯಕ್ಕೆ ಹಿಂತಿರುಗಿ, ಹೊಟ್ಟೆ ಶಾಂತವಾದ ಮೇಲೆ ಕೋಳಿ ಕೊಟ್ಟೆವು, ಏನೂ ಆಗಲಿಲ್ಲ. ಅಲ್ಲಿಂದ ಮುಂದೆ ಅಂಗಡಿಯಲ್ಲಿ ನಿಂತು ಮೀನಿಲ್ಲದ, ಕೋಳಿ ಮಾತ್ರ ಇರುವ ಆಹಾರ ಹುಡುಕಬೇಕಾಯಿತು. ಮುಂದುಗಡೆ ಕೋಳಿಯ ಚಿತ್ರ, ಹಿಂದುಗಡೆ ಸಣ್ಣ ಅಕ್ಷರದಲ್ಲಿ ಮೀನಿನ ಪುಡಿ ಇರುವ ಚೀಲಗಳೇ ಹೆಚ್ಚು. ಕೊನೆಗೆ ಒಂದು ಸಿಕ್ಕಿತು, ದಿನಕ್ಕೆ 40 ರೂಪಾಯಿಯಂತೆ ಬೀಳುತ್ತದೆ.

ಈಗ ತೂಕ ನಾಲ್ಕು ಕಿಲೋದ ಹತ್ತಿರ ನಿಂತಿದೆ, ಹಳೆಯ ನಾಲ್ಕೂವರೆ ಇನ್ನೂ ಬಂದಿಲ್ಲ. ಆಹಾರಕ್ಕೆ ತಿಂಗಳಿಗೆ 1,200, ಪೌಚ್‌ಗಳಿಗೆ ನಾನೂರೈನೂರು, ಆರ್‌ಡಿಗೆ ಸಾವಿರ. ಹೈಡ್ರೊಲೈಸ್ಡ್ ಆಹಾರ ಅಂಗಡಿಗಳಲ್ಲಿ ಆಗಾಗ ಖಾಲಿಯಾಗುವುದರಿಂದ ಒಂದು ಸಣ್ಣ ಪ್ಯಾಕೆಟ್ಟನ್ನು ಒಡೆಯದೆ ಇಟ್ಟುಕೊಂಡಿದ್ದೇವೆ. ಮತ್ತೆ ವಾಂತಿ ಶುರುವಾಗಿ, ಆ ಪಥ್ಯಕ್ಕೂ ಬಗ್ಗದಿದ್ದರೆ ಉರಿಯೂತ ತಗ್ಗಿಸುವ ಪ್ರೆಡ್ನಿಸೊಲೋನ್ ಮಾತ್ರೆಯೋ ಬಯಾಪ್ಸಿಯೋ ಎಂದು ಆಗ ತೀರ್ಮಾನಿಸೋಣ ಅಂದಿದ್ದಾರೆ ವೈದ್ಯರು.