ಅಗಸೆ ಪುಡಿ, ಬಾರ್ಲಿ ಗಂಜಿ ಮತ್ತು ಆ ಮಾತ್ರೆ

ಪ್ರಶ್ನೆ: ನನಗೆ 54 ವರ್ಷ. ಆರು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಕಳೆದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಒಟ್ಟು ಕೊಲೆಸ್ಟ್ರಾಲ್ 228, ಎಲ್‌ಡಿಎಲ್ 148, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 210 ಬಂತು. ಡಾಕ್ಟರು ಅಟೊರ್ವಾಸ್ಟಾಟಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕು ಎಂದು ಎಲ್ಲರೂ ಹೆದರಿಸುತ್ತಾರೆ. ಮಗಳು ಓಟ್ಸ್, ಅಗಸೆ, ಚಿಯಾ, ಕುಂಬಳ ಬೀಜ ತಂದಿಟ್ಟಿದ್ದಾಳೆ. ಮೂರು ತಿಂಗಳು ಬೆಳಗಿನ ತಿಂಡಿಗೆ ಇವನ್ನೇ ತಿಂದು ನೋಡಿ, ಆಮೇಲೆ ಮಾತ್ರೆಯ ವಿಚಾರ ಮಾಡಬಹುದೆ?
– ಓದುಗರು, ಗದಗ

ಉತ್ತರ: ಮಾತ್ರೆಯನ್ನೂ ಇಂದೇ ಶುರು ಮಾಡಿ, ತಿಂಡಿಯನ್ನೂ ಇಂದೇ ಬದಲಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ನಲವತ್ತು ದಾಟಿದ ಮೇಲೆ ಸ್ಟಾಟಿನ್ ಕೊಡುವುದು ಬರೀ ರಿಪೋರ್ಟಿನ ಅಂಕಿ ಇಳಿಸಲು ಅಲ್ಲ, ಹೃದಯಾಘಾತ ಮತ್ತು ಪಾರ್ಶ್ವವಾಯು ತಪ್ಪಿಸಲು. ‘ಬೀಜ ತಿನ್ನುತ್ತಿದ್ದೇನೆ’ ಎಂದು ಮಾತ್ರೆ ಬಿಟ್ಟವರು ಎದೆನೋವು ಹೊತ್ತು ಬಂದದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದ ಈ ಮಾತನ್ನು ಮೊದಲಿಗೇ ಹೇಳುತ್ತಿದ್ದೇನೆ.

ಹಾಗೆಂದು ಮಗಳು ತಂದದ್ದು ವ್ಯರ್ಥವಲ್ಲ. ಬಾರ್ಲಿ ಗಂಜಿ ಆರಿದಾಗ ಲೋಳೆ ಲೋಳೆಯಾಗುವುದನ್ನು ನೋಡಿರುತ್ತೀರಿ. ಆ ಲೋಳೆಯೇ ಇಲ್ಲಿ ಕೆಲಸಗಾರ. ಅದು ಬೀಟಾ ಗ್ಲೂಕಾನ್ ಎಂಬ ಕರಗುವ ನಾರು. ಓಟ್ಸ್‌ನಲ್ಲೂ ಬಾರ್ಲಿಯಲ್ಲೂ (ಜವೆಗೋಧಿ) ಧಾರಾಳವಾಗಿದೆ. ನಮ್ಮ ಯಕೃತ್ತು ಕೊಲೆಸ್ಟ್ರಾಲಿನಿಂದಲೇ ಪಿತ್ತಾಮ್ಲ ತಯಾರಿಸಿ ಕರುಳಿಗೆ ಬಿಡುತ್ತದೆ. ಕೊಬ್ಬು ಜೀರ್ಣವಾದ ಮೇಲೆ ಆ ಪಿತ್ತಾಮ್ಲದ ಬಹುಪಾಲು ಮತ್ತೆ ರಕ್ತಕ್ಕೆ ಹೀರಲ್ಪಟ್ಟು ಯಕೃತ್ತಿಗೇ ಮರಳುತ್ತದೆ. ಕರುಳಿನಲ್ಲಿ ಲೋಳೆ ಇದ್ದರೆ ಅದರಲ್ಲಿ ಒಂದಿಷ್ಟು ಸಿಕ್ಕಿಕೊಂಡು ಮಲದೊಂದಿಗೆ ಹೊರಗೆ ಹೋಗುತ್ತದೆ. ಆ ಕೊರತೆ ತುಂಬಿಸಲು ಯಕೃತ್ತು ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುತ್ತದೆ.

ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್ ಹೊಟ್ಟೆಗೆ ಹೋದರೆ ಎಲ್‌ಡಿಎಲ್ ಶೇ 5ರಿಂದ 7ರಷ್ಟು ಇಳಿಯುತ್ತದೆ. ಅಷ್ಟು ಸಿಗಲು ಸುಮಾರು 75 ಗ್ರಾಂ ಒಣ ಓಟ್ಸ್ ಬೇಕು. ಒಂದೆರಡು ಚಮಚ ಹಾಲಿಗೆ ಉದುರಿಸಿಕೊಂಡರೆ ಸಾಲದು. ನಿಮ್ಮ 148 ಆಗ 139ರ ಆಸುಪಾಸಿಗೆ ಬರಬಹುದು. ಸ್ಟಾಟಿನ್ ಮಾತ್ರೆ ಅದನ್ನೇ ಶೇ 30ಕ್ಕಿಂತ ಹೆಚ್ಚು ಇಳಿಸುತ್ತದೆ. ಮೂರು ತಿಂಗಳ ಪ್ರಯೋಗ ಬೇಡ ಎಂದದ್ದು ಈ ಲೆಕ್ಕ ನೋಡಿಯೇ.

ಬಾರ್ಲಿಯನ್ನು ಬೇಯಿಸಿ ನೀರು ಸೋಸಿ ಕುಡಿದು ಕಾಳು ಎಸೆಯುವವರಿದ್ದಾರೆ. ದಯವಿಟ್ಟು ಕಾಳನ್ನೂ ತಿನ್ನಿ, ನಾರಿನ ಬಹುಪಾಲು ಅದರಲ್ಲೇ ಉಳಿದಿರುತ್ತದೆ.

ಇನ್ನು ಅಗಸೆ. ಗದಗಿನವರಿಗೆ ನಾನು ಹೇಳಿಕೊಡಬೇಕೆ? ನಿಮ್ಮ ಅಗಸಿ ಹಿಂಡಿ ಎಷ್ಟು ಒಳ್ಳೆಯ ಪದಾರ್ಥ ಎಂಬುದು ಪೇಟೆಯ ಪೊಟ್ಟಣ ನೋಡಿದ ಮೇಲೆ ಮರೆತುಹೋಗಬಾರದು. ಅಗಸೆಯಲ್ಲಿ ಲೋಳೆ ನಾರಿನ ಜೊತೆ ಒಮೆಗಾ 3 ಕೊಬ್ಬೂ ಇದೆ. ಆದರೆ ಇಡೀ ಬೀಜ ನುಂಗಿದರೆ ಸಿಪ್ಪೆ ಒಡೆಯದೆ ಹೇಗೆ ಹೋಯಿತೋ ಹಾಗೇ ಹೊರಗೆ ಬರುತ್ತದೆ. ಹದವಾಗಿ ಹುರಿದು ಪುಡಿ ಮಾಡಿ, ಅದೂ ವಾರಕ್ಕೆ ಸಾಕಾಗುವಷ್ಟೇ. ಎಣ್ಣೆಯಂಶ ಇರುವುದರಿಂದ ಪುಡಿ ಬೇಗ ಕಮಟು ಹಿಡಿಯುತ್ತದೆ. ದಿನಕ್ಕೆ ಒಂದೆರಡು ದೊಡ್ಡ ಚಮಚ ಸಾಕು. ಉಪ್ಪು ಕಡಿಮೆ ಹಾಕಿ. ರಕ್ತ ತಿಳಿ ಮಾಡುವ ಮಾತ್ರೆ ನುಂಗುವವರು ಮಾತ್ರ ದಿನಾ ತಿನ್ನುವ ಮುಂಚೆ ತಮ್ಮ ವೈದ್ಯರನ್ನು ಕೇಳಬೇಕು.

ಚಿಯಾ ಮೆಕ್ಸಿಕೊ ಕಡೆಯ ಬೆಳೆ. ಮೈಸೂರಿನ ಸಿಎಫ್‌ಟಿಆರ್‌ಐ ಅದನ್ನು ನಮ್ಮ ರೈತರಿಗೂ ಪರಿಚಯಿಸಿದೆ. ನಾರು ಚೆನ್ನಾಗಿದೆ, ಆದರೆ ಕೊಲೆಸ್ಟ್ರಾಲ್ ಇಳಿಸುವ ವಿಷಯದಲ್ಲಿ ಓಟ್ಸ್‌ನಷ್ಟು ಗಟ್ಟಿ ಪುರಾವೆ ಅದಕ್ಕಿಲ್ಲ. ಒಣದಾಗಿ ಬಾಯಿಗೆ ಹಾಕಿಕೊಳ್ಳಬೇಡಿ. ತನ್ನ ತೂಕದ ಹತ್ತು ಪಟ್ಟು ನೀರು ಹೀರಿ ಊದಿಕೊಳ್ಳುವ ಬೀಜ ಅದು, ಗಂಟಲಲ್ಲಿ ಸಿಕ್ಕಿಕೊಂಡೀತು. ಕುಂಬಳ ಬೀಜ ಒಂದು ಹಿಡಿ ತಿಂದರೆ 170ರಷ್ಟು ಕ್ಯಾಲೊರಿ. ಬೇರೆಯದನ್ನು ಕಡಿಮೆ ಮಾಡಿ ತಿಂದರೆ ಸರಿ, ಇದ್ದದ್ದರ ಮೇಲೆ ಸೇರಿಸಿದರೆ ತೂಕ ಏರುತ್ತದೆ.

ನಿಮ್ಮ ರಿಪೋರ್ಟಿನಲ್ಲಿ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ಟ್ರೈಗ್ಲಿಸರೈಡ್ 210 ಮತ್ತು ಎಚ್‌ಡಿಎಲ್ 38. ನಮ್ಮ ಜನರಲ್ಲಿ ಈ ಜೋಡಿ ತೀರಾ ಸಾಮಾನ್ಯ. ಇದಕ್ಕೆ ಎಣ್ಣೆಗಿಂತ ಮಂಡಕ್ಕಿ, ಅವಲಕ್ಕಿ, ರವೆ, ಸಕ್ಕರೆ ಹಾಕಿದ ಚಹಾ ಹೆಚ್ಚು ಕಾರಣವಾಗುವುದುಂಟು. ರವೆ ಉಪ್ಪಿಟ್ಟು ತಿಂದು ಅದರ ಮೇಲೆ ಬೀಜ ಉದುರಿಸಿಕೊಂಡರೆ ಏನೂ ಆಗದು. ಉಪ್ಪಿಟ್ಟಿನ ಜಾಗಕ್ಕೇ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಅಗಸಿ ಹಿಂಡಿ, ಮೊಸರು ಬರಲಿ. ವಾರದಲ್ಲಿ ನಾಲ್ಕೈದು ದಿನ ಓಟ್ಸ್ ಅಥವಾ ಬಾರ್ಲಿ ಗಂಜಿ ಮಾಡಿ. ಮಸಾಲೆ ಪೊಟ್ಟಣದ ಓಟ್ಸ್ ಬೇಡ. ಎರಡು ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆಯ ಪ್ರಮಾಣವನ್ನು ನಿಮ್ಮ ಡಾಕ್ಟರು ಆಗ ನಿರ್ಧರಿಸುತ್ತಾರೆ.

ಪ್ರಶ್ನೆ: ಮೂರು ಹೊತ್ತೂ ರಾಗಿ ತಿನ್ನುವ ಮನೆ ನಮ್ಮದು. ಆದರೂ 38ರ ನನ್ನ ತಮ್ಮನಿಗೆ ಎಲ್‌ಡಿಎಲ್ 204 ಬಂದಿದೆ. ರಾಗಿ ಕೊಲೆಸ್ಟ್ರಾಲ್ ಕರಗಿಸುವುದಿಲ್ಲವೆ?
– ಓದುಗರು, ತುಮಕೂರು

ಉತ್ತರ: ರಾಗಿಯ ನಾರು ಹೆಚ್ಚಾಗಿ ಕರಗದ ಬಗೆಯದು. ಮಲಬದ್ಧತೆಗೆ ಒಳ್ಳೆಯದು, ಸುಣ್ಣದಂಶಕ್ಕೂ ಒಳ್ಳೆಯದು, ಪಾಲಿಶ್ ಅಕ್ಕಿಗಿಂತ ಎಷ್ಟೋ ಮೇಲು. ಓಟ್ಸ್‌ನ ಲೋಳೆ ಮಾತ್ರ ಅದರಲ್ಲಿಲ್ಲ. ನನಗೆ ಚಿಂತೆಯಾದದ್ದು ರಾಗಿಯ ಬಗ್ಗೆ ಅಲ್ಲ, ತಮ್ಮನ ಬಗ್ಗೆ. ಈ ವಯಸ್ಸಿಗೆ 190 ದಾಟಿದರೆ ಅದು ವಂಶದಲ್ಲಿ ಹರಿದುಬಂದ ತೊಂದರೆ ಇರಬಹುದು. ಯಾವ ತಿಂಡಿಯಿಂದಲೂ ಅದು ಸರಿಹೋಗದು. ಥೈರಾಯ್ಡ್ ಪರೀಕ್ಷೆ ಮಾಡಿಸಿ, ಈ ವಾರವೇ ವೈದ್ಯರಿಗೆ ತೋರಿಸಿ. ಒಡಹುಟ್ಟಿದವರಾದ ನೀವೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ತಮ್ಮನ ಮಕ್ಕಳಿಗೂ ಮಾಡಿಸಿ.

ಪ್ರಶ್ನೆ: ಥೈರಾಯ್ಡ್ ಮಾತ್ರೆ ನುಂಗಿದ ಕೂಡಲೇ ಓಟ್ಸ್ ಗಂಜಿ ಕುಡಿಯಬಹುದೆ?
– ಓದುಗರು, ಹಾಸನ

ಉತ್ತರ: ಬೇಡ. ನಾರು ಆ ಮಾತ್ರೆಯನ್ನು ಪೂರ್ತಿ ಹೀರಿಕೊಳ್ಳಲು ಬಿಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಮಾತ್ರೆ ನುಂಗಿ, ಒಂದು ಗಂಟೆ ಬಿಟ್ಟು ಗಂಜಿ ಕುಡಿಯಿರಿ.